ಕಾಕಿಯ ಬಲಗೈ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕಾಕಿಯ ಮುಖ ಒಮ್ಮೆಲೇ ಕೆಂಪಾಯಿತು. ಉಸಿರು ಸಿಗದೆ ನನ್ನ ಮುಂಗೈ ಹಿಡಿದಳು.

ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯ ನೇಕಾರ ಹೆಂಗಸು ಆಕೆ. ಗರ್ಭಕಂಠದ ಕ್ಯಾನ್ಸರ್ ಹಳೆಯ ಔಷಧಗಳಿಗೆ ಬಗ್ಗದಾಗಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಕಣಗಳಲ್ಲಿ ತುಂಬಿದ ನ್ಯಾನೊ ಔಷಧವೊಂದೇ ಉಳಿದ ದಾರಿ ಎಂದಿದ್ದರು ಡಾಕ್ಟರು. ಅಂದು ಆಸ್ಪತ್ರೆಯಲ್ಲಿ ಅದರ ಮೊದಲ ಸಲಾಯಿನ್.

ನರ್ಸ್ ಓಡಿಬಂದು ಹನಿ ನಿಲ್ಲಿಸಿ, ಆಮ್ಲಜನಕ ಹಚ್ಚಿ ನನ್ನನ್ನೇ ಗದರಿದರು: "ಈ ಗಾಲಿ ಯಾರ್ರೀ ತಿರುವಿದ್ದು? ಇಷ್ಟು ಜೋರ ಬಿಟ್ರ ಜೀವಾನ ಹೋಗತೈತಿ!"

ಹನಿಯ ವೇಗ ಹೆಚ್ಚು ಕಡಿಮೆ ಮಾಡುವ, ನಳಿಕೆಯ ಮೇಲಿನ ಆ ಪುಟ್ಟ ಗಾಲಿಯನ್ನು ತಿರುವಿದ್ದು ಕಾಕಿಯೇ. ನಾನು ನೋಡುತ್ತಲೇ ಇದ್ದೆ, ತಡೆಯಲಿಲ್ಲ. ಉಸಿರು ಮರಳಿದಾಗ, ಮನೆಯಲ್ಲಿ ನೂಲು ಸುತ್ತುವಾಗ ದಿನಾ ಅನ್ನುತ್ತಿದ್ದುದನ್ನೇ ಅಂದಳು: "ಎಳಿ ಸಾವಕಾಶ ಬಂದ್ರ ನನ್ನ ಕೈ ಸುಮ್ನಿರಂಗಿಲ್ಲವಾ."

ಮಧ್ಯಾಹ್ನ ಡಾಕ್ಟರು ಮತ್ತೆ ಶುರು ಮಾಡಲೇ ಎಂದು ಕೇಳಿದರು, ಈ ಸಲ ತೀರ ನಿಧಾನವಾಗಿ. ಕಾಕಿ ಹೂಂ ಅಂದು, ಬಲಗೈಯನ್ನು ನನ್ನ ಮಡಿಲಿಗೆ ಹಾಕಿದಳು.

"ಗಟ್ಟಿ ಹಿಡ್ಕೋ ಬೇ. ಬಿಟ್ಟಿ ಅಂದ್ರ ಮತ್ತ ತಿರುವತೇನಿ."

ಕೊನೆಯ ಹನಿಯವರೆಗೂ ಬಿಡಲಿಲ್ಲ. ಮುಂದಿನ ಎರಡು ಸಲವೂ ಹಾಗೆಯೇ ಕೂತೆ. ಆಮೇಲೆ ನೋವು ಇಳಿಯಿತು. ಒಂದು ಬುಧವಾರ ರಾತ್ರಿ ಆಕೆ, ಎಷ್ಟೋ ದಿನಗಳ ಮೇಲೆ, ನೋವಿಗೆ ಏಳದೆ ಬೆಳಗಿನವರೆಗೂ ನಿದ್ದೆ ಮಾಡಿದಳು; ಪಕ್ಕದಲ್ಲಿ, ಆ ಕೈ ಹಿಡಿದುಕೊಂಡೇ, ನಾನೂ.