ನೀರಿನ ಊರಿನ ರಾಗ

ಡ್ರೈವಿಂಗ್ ಸ್ಕೂಲಿನಲ್ಲಿ ಅವರನ್ನು ಎಲ್ಲರೂ ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕಲಿಸುವವರು ಕೂರುವ ಸೀಟಿನ ಮುಂದೆ ಇನ್ನೊಂದು ಬ್ರೇಕ್ ಇರುತ್ತದಲ್ಲ, ಅದರ ಮೇಲಿಟ್ಟ ಕಾಲನ್ನು ಇವರು ಕಾರು ನಿಂತಿದ್ದಾಗಲೂ ತೆಗೆಯುವುದಿಲ್ಲ ಎಂದು ಜೊತೆಯವರ ತಮಾಷೆ. ತಮಾಷೆಯೇನೂ ಸುಳ್ಳಲ್ಲ. ಮನೆಯಲ್ಲಿ ಊಟಕ್ಕೆ ಕೂತರೂ ಮೇಜಿನ ಕೆಳಗೆ ಅವರ ಬಲಗಾಲು ಏನನ್ನೋ ಒತ್ತುತ್ತಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಅದನ್ನು ಯಾವುದೋ ನರದ ಕಾಯಿಲೆ ಎಂದು ಹೆದರಿದ್ದಳು. ಆಮೇಲೆ ಅಭ್ಯಾಸವಾಯಿತು.

ಇಷ್ಟು ಪುಕ್ಕಲು ಮನುಷ್ಯ ಈ ಕೆಲಸಕ್ಕೆ ಹೇಗೆ ಬಂದರು ಎಂದು ಕೇಳುವವರಿದ್ದರು. ನನ್ನನ್ನು ಕೇಳಿದರೆ ಇದಕ್ಕೆ ಅವರಿಗಿಂತ ತಕ್ಕವರಿಲ್ಲ. ಧೈರ್ಯಸ್ಥನ ಪಕ್ಕದಲ್ಲಿ ಕೂತು ಕಲಿತವರಿಗೆ ಗೋಡೆಗೆ ಗುದ್ದಿದ ಮೇಲೆ ಬ್ರೇಕಿನ ನೆನಪಾಗುತ್ತದೆ, ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಬ್ರೇಕ್ ಮೇಷ್ಟ್ರಿಗೆ ಗೋಡೆ ಕಟ್ಟುವ ಮೊದಲೇ ಕಾಣುತ್ತಿತ್ತು. ಕಲಿಯುವವರಿಗೆ ಚೆಲ್ಲಾಟ, ಅವರಿಗೆ ಪ್ರಾಣಸಂಕಟ. ಹಾಗಿದ್ದೂ ಅವರು ಯಾರ ಮೇಲೂ ರೇಗಿದವರಲ್ಲ. ಎದುರಿಗೆ ಲಾರಿ ಬಂದಾಗ, ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದಾಗ, ರೇಗುವ ಬದಲು ಮೂಗಿನಲ್ಲೇ ಒಂದು ರಾಗ ಗುನುಗುತ್ತಿದ್ದರು. ಮೂರು ಮೆಟ್ಟಿಲು ಹತ್ತಿ, ನಿಂತು, ಹಿಂದೆ ತಿರುಗಿ ನೋಡಿ, ಮತ್ತೆ ಮೆಲ್ಲಗೆ ಇಳಿದು ಬರುವಂಥ ರಾಗ. ಅದು ನೀರಿನ ಊರಿನ ರಾಗ.

ನೀರಿನ ಊರು ಇದ್ದದ್ದು ಒಂದು ವಿಡಿಯೋ ಗೇಮಿನಲ್ಲಿ. ಮೇಷ್ಟ್ರಿಗೆ ಐದು ವರ್ಷವಿದ್ದಾಗ ಅವರಮ್ಮ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದಳು. ಅಲ್ಲಿನ ಮೇಲ್ವಿಚಾರಕಿ ತನ್ನ ಮಗನಿಗೆ ಬೇಡವಾದ ಆಟವನ್ನು ಅಮ್ಮನ ಕೈಗೆ ದಾಟಿಸಿದಳು. ಟೀವಿಗೆ ಸಿಕ್ಕಿಸುವ ಒಂದು ಬಿಳಿ ಡಬ್ಬಿ, ಒಂದೇ ಒಂದು ಕ್ಯಾಸೆಟ್ಟು. ಪರದೆಯ ಮೇಲೆ ಬರುತ್ತಿದ್ದ ಅಕ್ಷರ ಯಾವ ದೇಶದ್ದೋ, ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಹಾಗಾಗಿ ಎಲ್ಲಕ್ಕೂ ಅಕ್ಕನೇ ಹೆಸರಿಟ್ಟಳು. ಲಾಟೀನು ಹಿಡಿದು ನಡೆಯುವ ಕುಳ್ಳ ದೀಪಣ್ಣ. ಕಂಬಗಳ ಮೇಲೆ ಮನೆಗಳು ನಿಂತಿದ್ದದ್ದು ನೀರಿನ ಊರು. ಅದರಾಚೆ ಗಡಿಯಾರದ ಗುಡ್ಡ, ಅದರಾಚೆ ಕನ್ನಡಿ ಗವಿ. ದೀಪಣ್ಣ ಪರದೆಯ ಬಲಗಡೆ ಮರೆಯಾದಾಗ ಪುಟ್ಟ ಮೇಷ್ಟ್ರು ಎದ್ದು ಹೋಗಿ ಟೀವಿಯ ಹಿಂದೆ ಇಣುಕುತ್ತಿದ್ದರು. ಅಲ್ಲಿ ಧೂಳು, ವೈರು, ಗೋಡೆ. ಆದರೂ ಊರು ಅಲ್ಲೇ ಎಲ್ಲೋ ಮುಂದುವರಿದಿದೆ ಎಂಬ ನಂಬಿಕೆ ಮಾತ್ರ ಅವರನ್ನು ಬಿಟ್ಟು ಹೋಗಲಿಲ್ಲ. ಮುಂದೆ ಮನೆ ಬದಲಿಸುವಾಗ ಡಬ್ಬಿ ಎಲ್ಲೋ ಕಳೆದುಹೋಯಿತು. ರಾಗ ಮಾತ್ರ ಅವರ ಜೊತೆ ಬಂತು.

ಈಗ ಅಕ್ಕನ ಗಂಟಲಲ್ಲಿ ಒಂದು ಗಂಟು ಎದ್ದಿತ್ತು. ಅಕ್ಕ ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರು. ಅವಳು ಒಂದು ಸಲ ಕೂಗಿದರೆ ಇಡೀ ಮೈದಾನ ಗಪ್‌ಚುಪ್ಪಾಗುತ್ತಿತ್ತು. ಅಂಥವಳ ದನಿ ಎರಡು ತಿಂಗಳಿಂದ ಕಟ್ಟಿಕೊಂಡಿತ್ತು. ಡಾಕ್ಟರು ಅಕ್ಕನನ್ನೂ ಮೇಷ್ಟ್ರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು: "ಗಂಟು ಜೀವಕ್ಕೇನೂ ಅಪಾಯದ್ದಲ್ಲ. ಆದರೆ ತೆಗೀಲೇಬೇಕು. ದನಿಯ ನರ ಅದಕ್ಕೆ ಅಂಟಿಕೊಂಡೇ ಹೋಗಿದೆ. ನಾವು ಎಚ್ಚರಿಕೆಯಿಂದ್ಲೇ ಮಾಡ್ತೀವಿ, ಆದ್ರೂ ದನಿ ಉಳಿಯುತ್ತೆ ಅಂತ ಮಾತು ಕೊಡೋಕಾಗಲ್ಲ."

ಅಕ್ಕ ತಲೆಯಾಡಿಸಿದಳು, ಶಾಲೆಗೆ ಎಷ್ಟು ದಿನ ರಜೆ ಹಾಕಬೇಕೆಂದು ಕೇಳಿದಳು. ಮೇಷ್ಟ್ರ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಅಮ್ಮ ಅಪ್ಪ ಇಬ್ಬರೂ ಹೋಗಿ ವರ್ಷಗಳಾಗಿದ್ದವು. ಅವರನ್ನು "ಲೋ" ಎಂದು ಕರೆಯುವ ದನಿ ಈ ಭೂಮಿಯ ಮೇಲೆ ಅದೊಂದೇ ಉಳಿದಿತ್ತು.

ಅವತ್ತಿನಿಂದ ಮೇಷ್ಟ್ರಿಗೆ ಒಂದು ಹಟ ಹಿಡಿಯಿತು. ಆಪರೇಷನ್ನಿಗೆ ಒಳಗೆ ಹೋಗುವ ಮೊದಲು ಅಕ್ಕ ಆ ಆಟದ ಸಂಗೀತ ಕೇಳಬೇಕು. ಚಿಕ್ಕವರಿದ್ದಾಗ ಅಷ್ಟು ಧೈರ್ಯ ಕೊಟ್ಟ ರಾಗ ಈಗಲೂ ಕೊಟ್ಟೀತು. ಆದರೆ ಆಟದ ಹೆಸರೇ ಗೊತ್ತಿಲ್ಲದೆ ಹುಡುಕುವುದೆಲ್ಲಿ? ದಾರಿ ತೋರಿಸಿದವಳು ಅವರ ಹತ್ತಿರ ಕಾರು ಕಲಿಯುತ್ತಿದ್ದ ಕನ್ನಡಕದಂಗಡಿಯಾಕೆ. ಅವಳು ಎಡಕ್ಕೆ ಸಿಗ್ನಲ್ ಹಾಕಿ ಬಲಕ್ಕೆ ತಿರುಗಿಸುವವಳಾದ್ದರಿಂದ ಬೇರೆ ಎಲ್ಲರಿಗಿಂತ ಹೆಚ್ಚಾಗಿ ಆ ರಾಗ ಕೇಳಿದ್ದಳು.

"ಅದ್ಯಾವ ಹಾಡು ಸರ್, ದಿನಾ ಹಾಡ್ತೀರಲ್ಲ?" ಎಂದು ಅವಳೇ ಕೇಳಿದಳು. ಮೇಷ್ಟ್ರು ನಾಚಿಕೊಂಡು ಲಾಟೀನು, ಕಂಬದ ಮನೆ, ಗಡಿಯಾರದ ಗುಡ್ಡ ಎಲ್ಲ ಹೇಳಿದರು. ಅವಳ ತಮ್ಮನಿಗೆ ಹಳೆಯ ಆಟಗಳ ಹುಚ್ಚು. ಎರಡೇ ದಿನದಲ್ಲಿ ಅವನು ಅದನ್ನು ಪತ್ತೆಹಚ್ಚಿ ಅವಳ ಫೋನಿಗೆ ಕಳಿಸಿಕೊಟ್ಟ. ಅವಳು ಕಾರನ್ನು ರಸ್ತೆಯ ಪಕ್ಕ ನಿಲ್ಲಿಸಿ, ಅಂದು ಮೊದಲ ಬಾರಿ ಸರಿಯಾಗಿ ನಿಲ್ಲಿಸಿ, ಫೋನನ್ನು ಅವರ ಮುಂದೆ ಹಿಡಿದಳು.

ನೀರು ಅದೇ ನೀಲಿ. ಕಂಬದ ಮನೆಗಳು ಅವೇ, ದೀಪಣ್ಣನ ಕುಂಟು ನಡಿಗೆಯೂ ಅದೇ. ಮೇಷ್ಟ್ರ ಕಣ್ಣು ತುಂಬಿತು. ಆಮೇಲೆ ಸಂಗೀತ ಕಿವಿಗೆ ಬಿತ್ತು. ಟಿಣಿಟಿಣಿ ಎಂದು ಓಡುವ, ಕುಣಿಯುವ, ಯಾರಿಗೋ ಗಡಿಬಿಡಿಯಿರುವಂಥ ಸದ್ದು. ಮೆಟ್ಟಿಲು ಹತ್ತುವುದೂ ಇಲ್ಲ, ನಿಂತು ನೋಡುವುದೂ ಇಲ್ಲ.

"ಇದಲ್ಲ," ಎಂದರು ಮೇಷ್ಟ್ರು.

"ಆಟ ಇದೇ ತಾನೇ ಸರ್?"

"ಆಟ ಇದೇ. ಹಾಡು ಇದಲ್ಲ."

ಅವಳ ತಮ್ಮ ಮತ್ತೆ ಹುಡುಕಿದ. ಈ ಆಟಕ್ಕೆ ಇದೊಂದೇ ಸಂಗೀತವಂತೆ, ಬೇರೆ ಯಾವುದೂ ಇಲ್ಲವಂತೆ. ಮೇಷ್ಟ್ರಿಗೆ ಕಾಲ ಕೆಳಗಿನ ನೆಲ ಜಾರಿದಂತಾಯಿತು. ಬದುಕಿನಲ್ಲಿ ತೀರ ಖಚಿತವಾಗಿ ಗೊತ್ತಿದೆ ಎಂದು ಅವರು ನಂಬಿದ್ದ ಸಂಗತಿಗಳೇ ಕಡಿಮೆ. ಅದರಲ್ಲಿ ಇದೂ ಒಂದಾಗಿತ್ತು. ಇದೇ ಸುಳ್ಳಾದರೆ ಮಿಕ್ಕದ್ದರ ಗತಿ ಏನು? ತಲೆಗೇ ಏನಾದರೂ ಆಗಿದೆಯೋ? ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಪಾಠದಲ್ಲಿ ಗುನುಗಲು ಹೋದರೆ ರಾಗ ಅರ್ಧದಲ್ಲಿ ನಿಲ್ಲುತ್ತಿತ್ತು, "ನೀನು ಯಾರ ರಾಗ?" ಎಂದು ಅದನ್ನೇ ಕೇಳಬೇಕೆನಿಸುತ್ತಿತ್ತು. ಅಭ್ಯಾಸ ತಪ್ಪಿ ಒಬ್ಬರ ಮೇಲೆ ರೇಗಿಯೂ ಬಿಟ್ಟರು.

ಹೆಂಡತಿ ನಾಲ್ಕು ದಿನ ನೋಡಿದಳು. ಐದನೆಯ ದಿನ ನೀರಿನ ಲೋಟ ಮುಂದಿಟ್ಟು ಹೇಳಿದಳು: "ರೀ, ನಿಮಗಿರೋದು ಹಾಡಿನ ಚಿಂತೆ ಅಲ್ಲ. ಅಕ್ಕನ ಚಿಂತೆ. ಅದನ್ನ ನೇರ ನೋಡೋಕೆ ಧೈರ್ಯ ಸಾಲದೆ ಇದನ್ನ ಹಿಡ್ಕೊಂಡು ಒದ್ದಾಡ್ತಿದೀರ."

"ಹಾಗೇನಿಲ್ಲ," ಎಂದರು ಮೇಷ್ಟ್ರು. ಮೇಜಿನ ಕೆಳಗೆ ಕಾಲು ಒತ್ತುತ್ತಲೇ ಇತ್ತು.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಅವರು ಆಸ್ಪತ್ರೆಗೆ ಹೋದರು. ಅಕ್ಕ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೊರಗಿ ಕೂತಿದ್ದಳು. ಆಸ್ಪತ್ರೆಯವರು ಕೊಟ್ಟ ದೊಗಳೆ ಅಂಗಿಯಲ್ಲಿ ಅವಳು ಇದ್ದದ್ದಕ್ಕಿಂತ ಚಿಕ್ಕವಳಾಗಿ ಕಂಡಳು. ಮೇಷ್ಟ್ರು ಆ ಮಾತು ಈ ಮಾತು ಆಡಿ, ಕಡೆಗೆ ತಡೆಯಲಾರದೆ ಎಲ್ಲವನ್ನೂ ಹೇಳಿದರು. ಆಟ ಸಿಕ್ಕಿತು, ಹಾಡು ಸಿಗಲಿಲ್ಲ, ಯಾರೋ ಬದಲಾಯಿಸಿಬಿಟ್ಟಿದ್ದಾರೆ, ನಿನಗೆ ಕೇಳಿಸೋಣ ಅಂತಿದ್ದೆ.

ಅಕ್ಕ ನಗತೊಡಗಿದಳು. ನಗು ಕೆಮ್ಮಾಯಿತು. ಸುಧಾರಿಸಿಕೊಂಡು, ಒಡೆದ ದನಿಯಲ್ಲಿ ಕೇಳಿದಳು: "ಆ ಟೀವಿಗೆ ಸೌಂಡ್ ಎಲ್ಲಿತ್ತೋ?"

"ಯಾಕೆ, ಕೆಟ್ಟಿತ್ತಾ?"

"ಕೆಟ್ಟಿರಲಿಲ್ಲ. ಅಪ್ಪ ಪ್ರೆಸ್ಸಲ್ಲಿ ರಾತ್ರಿ ಪಾಳಿ ಮಾಡಿ ಬಂದು ಹಗಲೆಲ್ಲ ಅದೇ ರೂಮಲ್ಲಿ ಮಲಗ್ತಿದ್ರಲ್ಲ. ಎದ್ದರೆ ಅವರ ಕೋಪ ಗೊತ್ತಲ್ಲ ನಿಂಗೆ. ಸೌಂಡ್ ತಿರುಗಿಸೋ ಗುಂಡಿನೇ ಕಿತ್ತು ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಿದ್ರು. ನೀನು ಸುಮ್ಮನೆ ಕೂರ್ತಿರಲಿಲ್ಲ. ಮೂಕ ಆಟ ಬೇಡ ಅಂತ ಅಳೋಕೆ ಶುರು ಮಾಡ್ತಿದ್ದೆ. ಅದಕ್ಕೆ ನಾನೇ ಗುನುಗ್ತಿದ್ದೆ."

"ಇಲ್ಲಕ್ಕ. ಟೀವಿಯಿಂದಾನೇ ಬರ್ತಿತ್ತು. ನಂಗೆ ಚೆನ್ನಾಗಿ ನೆನಪಿದೆ."

"ನೀನು ನನ್ನ ತೊಡೆ ಮೇಲೆ ಕೂತಿರ್ತಿದ್ದೆ. ನನ್ನ ಗದ್ದ ನಿನ್ನ ನೆತ್ತಿ ಮೇಲೆ. ನಿನ್ನ ತಲೆ ಒಳಗೇ ಕೇಳಿಸಿರುತ್ತೆ ಬಿಡು."

ಹಾಗಾದರೆ ಆ ಸಂಗೀತವನ್ನು ಯಾವ ದೇಶದವರೂ ಮಾಡಿರಲಿಲ್ಲ. ಅದು ಇದ್ದದ್ದು ಒಂದೇ ಗಂಟಲಲ್ಲಿ, ನಾಳೆ ಬೆಳಿಗ್ಗೆ ಕತ್ತರಿ ಆಡಲಿದ್ದ ಗಂಟಲಲ್ಲಿ. ಜೀವ ಬಾಯಿಗೆ ಬಂತು. ಮೇಷ್ಟ್ರು ಗಡಿಬಿಡಿಯಿಂದ ಫೋನು ತೆಗೆದು ರೆಕಾರ್ಡು ಒತ್ತಿ ಅವಳ ಮುಂದೆ ಹಿಡಿದರು.

"ಹಾಡಕ್ಕ. ಈಗಲೇ ಹಾಡು. ಒಂದೇ ಸಲ."

"ನಂಗೆಲ್ಲಿ ನೆನಪಿದೆಯೋ. ಬಾಯಿಗೆ ಬಂದದ್ದು ಹಾಡ್ತಿದ್ದೆ," ಎಂದಳು. ಆದರೂ ತುಟಿ ಮುಚ್ಚಿ ಪ್ರಯತ್ನಿಸಿದಳು. ಗಾಳಿ ಬಂತು, ಸ್ವರ ಬರಲಿಲ್ಲ. ಅವಳು ಅವರ ಕೈಯನ್ನೂ ಫೋನನ್ನೂ ಮೆಲ್ಲಗೆ ಕೆಳಗಿಳಿಸಿದಳು. "ನೀನೇ ಹಾಡು. ಹೇಗಿತ್ತು ಅಂತ ನಾನೂ ಕೇಳ್ತೀನಿ."

ಮೇಷ್ಟ್ರು ನೀರಿನ ಊರನ್ನು ಗುನುಗಿದರು, ಗಡಿಯಾರದ ಗುಡ್ಡವನ್ನೂ. ಪಕ್ಕದ ಮಂಚದ ಅಜ್ಜಿ ಪತ್ರಿಕೆ ಮಡಚಿಟ್ಟು ಕೇಳಿದಳು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. "ಪರವಾಗಿಲ್ಲ, ಚೆನ್ನಾಗೇ ಮಾಡಿದ್ದೆ ನಾನು," ಎಂದಳು. "ಗವಿದು?"

"ಗವಿಗೆ ಹಾಡು ಇರಲಿಲ್ಲ. ಅಲ್ಲಿಗೆ ಬಂದಾಗ ಎಲ್ಲ ನಿಂತುಹೋಗ್ತಿತ್ತು. ಹೆದರಿಸೋಕೇ ಹಾಗೆ ಮಾಡಿದಾರೆ ಅಂದ್ಕೊಂಡಿದ್ದೆ."

ಅಕ್ಕ ಕಿಟಕಿಯ ಕಡೆ ನೋಡಿದಳು. "ಆ ಗವಿ ಕಂಡರೆ ನಂಗೆ ಭಯ ಕಣೋ. ಗಂಟಲಿಂದ ಸ್ವರಾನೇ ಹೊರಡ್ತಿರಲಿಲ್ಲ. ನಂಗೂ ಆಗ ಹತ್ತೇ ವರ್ಷ." ಹೊರಗೇ ನೋಡುತ್ತ, "ಈಗಲೂ ಭಯ ಆಗ್ತಿದೆ," ಎಂದಳು.

ಅಕ್ಕನಿಗೆ ಭಯವಾಗುತ್ತದೆ ಎಂಬುದೇ ಮೇಷ್ಟ್ರಿಗೆ ಹೊಸ ಸುದ್ದಿ. ಮನೆಯ ಭಯವನ್ನೆಲ್ಲ ತಾವೊಬ್ಬರೇ ಗುತ್ತಿಗೆ ಹಿಡಿದಿದ್ದೇವೆ ಎಂದುಕೊಂಡಿದ್ದ ಮನುಷ್ಯ ಅವರು. ಅವಳ ಕೈ ಹಿಡಿದುಕೊಂಡರು.

"ಗವಿಗೆ ಒಂದು ಹಾಡು ಮಾಡಿಡು," ಎಂದಳು ಅಕ್ಕ. "ನಾನು ಹೊರಗೆ ಬರೋ ಹೊತ್ತಿಗೆ."

ಮರುದಿನ ಬೆಳಿಗ್ಗೆ ಅವಳನ್ನು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ಮೇಷ್ಟ್ರು ಹೊರಗಿನ ಬೆಂಚಿನಲ್ಲಿ ಮುಳ್ಳಿನ ಮೇಲೆ ಕೂತಂತೆ ಕೂತು ರಾಗ ಕಟ್ಟಲು ಹೊರಟರು. ಹುಟ್ಟಿದಾಗಿನಿಂದ ಏನನ್ನೂ ಕಟ್ಟಿದವರಲ್ಲ. ಒಂದು ಸಾಲು ಹಾಡಿದರೆ ಅದು ನೀರಿನ ಊರಿಗೇ ಹೋಗಿ ಸೇರುತ್ತಿತ್ತು, ಇನ್ನೊಂದು ಹಾಡಿದರೆ ಆಂಬುಲೆನ್ಸಿನಂತೆ ಕೇಳುತ್ತಿತ್ತು. ಹೆಂಡತಿ ಪಕ್ಕದಲ್ಲಿ ಕೂತು, ನಗಬೇಕೋ ಅಳಬೇಕೋ ತಿಳಿಯದೆ, ಅವರ ಮಂಡಿಯ ಮೇಲೆ ಕೈಯಿಟ್ಟು ಒತ್ತಿ ಹಿಡಿದಿದ್ದಳು. ಯಾರು ಬಾಗಿಲು ತೆರೆದರೂ ಮೇಷ್ಟ್ರು ಎದ್ದು ನಿಲ್ಲುತ್ತಿದ್ದರು. ಮಧ್ಯಾಹ್ನವಾಗುವ ಹೊತ್ತಿಗೆ ಏನೋ ಒಂದು ನಿಂತಿತು. ರಾಗ ಎನ್ನಲು ಧೈರ್ಯ ಬೇಕು, ಅಂಥದ್ದು.

ಡಾಕ್ಟರು ಬಂದು, "ನರ ಉಳಿಸಿದೀವಿ ಅಂತ ನಮ್ಮ ನಂಬಿಕೆ. ಆದರೆ ಅವರು ಮಾತಾಡಿದ ಮೇಲೇ ಖಾತ್ರಿ," ಎಂದು ಹೋದರು.

ಸಂಜೆ ಅವರನ್ನು ಒಳಗೆ ಬಿಟ್ಟಾಗ ಅಕ್ಕನಿಗೆ ಪೂರ್ತಿ ಎಚ್ಚರವಾಗಿತ್ತು. ಕುತ್ತಿಗೆಗೆ ಪಟ್ಟಿ ಕಟ್ಟಿತ್ತು. ನರ್ಸು ಬಗ್ಗಿ, "ಟೀಚರ್, ನಿಮ್ಮ ಹೆಸರು ಹೇಳಿ ನೋಡೋಣ," ಎಂದಳು. ಅಕ್ಕ ತುಟಿ ಬಿಗಿಹಿಡಿದು ತಲೆಯಲ್ಲಾಡಿಸಿದಳು. "ಏನಾದರೂ ಒಂದು ಮಾತು? ನೀರು ಬೇಕಾ?" ಇಲ್ಲ. ನರ್ಸು ಮೇಷ್ಟ್ರ ಮುಖ ನೋಡಿದಳು. ಹೆಂಡತಿ ಸೆರಗು ಬಾಯಿಗೆ ಹಿಡಿದಳು.

ಅಕ್ಕನ ಮುಖ ನೋಡುತ್ತ ನೋಡುತ್ತ ಮೇಷ್ಟ್ರಿಗೆ ಒಂದು ಗುರುತು ಹತ್ತಿತು. ಕಾರಿನ ಕೀಲಿ ಕೈಯಲ್ಲಿದ್ದೂ ತಿರುಗಿಸದೆ ಕೂರುವವರನ್ನು ಅವರು ದಿನಾ ನೋಡುತ್ತಾರೆ. ಗಾಡಿ ಹೊರಡಲಾರದು ಅಂತಲ್ಲ, ಹೊರಡದೆ ಹೋದರೆ ಎಂಬ ಭಯ. ಬಾಯಿ ತೆರೆದು ದನಿ ಇಲ್ಲವೆಂದು ತಿಳಿಯುವುದಕ್ಕಿಂತ, ತೆರೆಯದೇ ಇರುವುದು ಲೇಸು ಎಂದು ಕೂತಿದ್ದಳು ಅವಳು.

ಅವರು ಮಂಚದ ಪಕ್ಕ ಬಗ್ಗಿದರು. ಆಸ್ಪತ್ರೆ, ನರ್ಸು, ಆಚೀಚೆಯ ರೋಗಿಗಳು ಯಾವುದನ್ನೂ ಲೆಕ್ಕಿಸದೆ, ಬಾಯಿ ಪೂರ್ತಿ ತೆರೆದು, ಜೀವಮಾನದಲ್ಲಿ ಮೊದಲ ಬಾರಿ ಗಟ್ಟಿಯಾಗಿ, ಕನ್ನಡಿ ಗವಿಯ ಹಾಡು ಹಾಡಿದರು. ಶ್ರುತಿ ಎಲ್ಲೋ, ತಾಳ ಎಲ್ಲೋ. ಕೋಣೆಯ ಆ ಕೊನೆಯಲ್ಲಿ ಯಾರದೋ ಮಗು ಅಳುವುದನ್ನು ನಿಲ್ಲಿಸಿತು. ಹೆಂಡತಿ ಅವರ ಅಂಗಿ ಹಿಡಿದು ಎಳೆದಳು. ಮೇಷ್ಟ್ರು ನಿಲ್ಲಿಸಲಿಲ್ಲ.

ಅಕ್ಕ ಅವರನ್ನೇ ನೋಡುತ್ತಿದ್ದಳು. ಅವಳ ಕೈ ಹೊದಿಕೆಯಿಂದ ಹೊರಬಂದು ಅವರ ಮಣಿಕಟ್ಟು ಹಿಡಿಯಿತು.

"ಮೆಲ್ಲಗೆ ಕಣೋ," ಎಂದಳು. "ಅಪ್ಪ ಎದ್ದುಬಿಡ್ತಾರೆ."

ದನಿ ಒರಟಾಗಿತ್ತು, ಅರ್ಧಕ್ಕರ್ಧ ಗಾಳಿಯೇ ಇತ್ತು, ಆದರೆ ಅವಳದೇ ದನಿ. ನರ್ಸು ಅತ್ತ ಇತ್ತ ನೋಡಿ, "ಯಾರು, ಎಲ್ಲಿ ಮಲಗಿದಾರೆ?" ಎಂದು ಕೇಳಿದಳು. ಮೇಷ್ಟ್ರು ದನಿ ತಗ್ಗಿಸಿ ಗವಿಯ ಹಾಡನ್ನು ಮೊದಲಿನಿಂದ ಗುನುಗತೊಡಗಿದರು.