ದೊಮೆಸ್ತಿಕ್ ಲಾರೆನ್ಸ್ ದೊಡ್ಡಪ್ಪ

ಕೊಲ್ಲಿ ದೇಶದ ಸಲ್ವಾದಲ್ಲಿರುವ ಮಗಳ ಫ್ಲ್ಯಾಟಿನ ಕೆಳಗೆ ಈ ಬೆಳಿಗ್ಗೆ ಯಾರೋ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದರು. ಸೊಲ್ಯೂಷನ್ನಿನ ವಾಸನೆ ಕಿಟಕಿಗೆ ಬಂದದ್ದೇ ತಡ, ಲಾರೆನ್ಸ್ ದೊಡ್ಡಪ್ಪನ ಬೆರಳುಗಳು ನೆನಪಾದವು. ನನ್ನ ಬಾಲ್ಯದ ಮಂಗಳೂರಿನಲ್ಲಿ ಆ ವೃದ್ಧರ ಉಗುರಿಗೆ ಸದಾ ಇದೇ ವಾಸನೆ.

ಎರಡು ಮಹಾಯುದ್ಧಗಳ ನಡುವೆ ಅವರು ಹಡಗಿನಿಂದಿಳಿದು ಫ್ರಾನ್ಸಿನಲ್ಲಿ ಉಳಿದವರು. ಅಲ್ಲೇನು ಕೆಲಸವಿತ್ತೆಂದರೆ, "ದೊಮೆಸ್ತಿಕ್ ಮಾರಾಯ. ನಾಯಕನಿಗೆ ಗಾಳಿ ತಾಗದ ಹಾಗೆ ನೋಡಿಕೊಳ್ಳುದು. ಹೂವು ಅವನಿಗೆ, ಗಾಳಿ ನನಗೆ" ಎನ್ನುತ್ತಿದ್ದರು. ದೊರೆಯ ಮನೆಯಲ್ಲಿ ಕಿಟಕಿ ಮುಚ್ಚುವ ಆಳು ಎಂದು ಮನೆಯವರು ತೀರ್ಮಾನಿಸಿದರು. ಅವರ ಒಂದೇ ಫೋಟೋದಲ್ಲಿ ಎದೆಯ ಮೇಲೆ ಅಡ್ಡಡ್ಡ ಸುತ್ತಿದ್ದದ್ದು ಹಡಗಿನ ಹಗ್ಗವಂತೆ.

ನೀವೇ ಹೇಳಿ, ಕಿಟಕಿ ಮುಚ್ಚುವವನಿಗೆ ಹಗ್ಗವೇಕೆ? ನನ್ನ ಶಾಲೆ ಏಳನೆಯದಕ್ಕೇ ಮುಗಿದದ್ದರಿಂದ, ಹೇಳಿದ್ದನ್ನು ನಂಬುವ ವಿದ್ಯೆ ನನಗೆ ಪೂರ್ತಿ ಹತ್ತಲಿಲ್ಲ.

ಮುಂದೆ ಮನೆಗೆಲಸದವರ ಖಾದಿಮ್ ವೀಸಾದಲ್ಲಿ ಇಲ್ಲಿಗೆ ಬಂದು ಡ್ರೈವರಾದೆ. ಯಜಮಾನರನ್ನು ಮಿರ್ಕಾಬ್ ಬಡಾವಣೆಯ ಆಫೀಸಿಗೆ ಬಿಟ್ಟು, ಕಾರಿನಲ್ಲಿ ಕಾಯುತ್ತಾ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಒಮ್ಮೆ ಹಳೆಯ ಫ್ರೆಂಚ್ ಪತ್ರಿಕೆಯೊಂದರಲ್ಲಿ ಸೈಕಲ್ ಸವಾರರ ಚಿತ್ರ ಕಂಡೆ. ಎಲ್ಲರ ಎದೆಯ ಮೇಲೂ ಅದೇ 'ಹಗ್ಗ'. ಅದು ಬದಲಿ ಟಯರು. ಯಜಮಾನರ ಮಕ್ಕಳಿಗೆ ಫ್ರೆಂಚ್ ಪಾಠ ಹೇಳುತ್ತಿದ್ದ ಲೆಬನಾನಿನ ಟೀಚರು ಅರಬಿಯಲ್ಲಿ ಬಿಡಿಸಿ ಹೇಳಿದರು: ದೊಮೆಸ್ತಿಕ್ ಎಂದರೆ ಮನೆಯಾಳೇ, ಆದರೆ ಸೈಕಲ್ ಸವಾರರಲ್ಲಿ ಸಂಬಳಕ್ಕೆ ರಸ್ತೆಯ ರೇಸು ಓಡುವವ, ನಾಯಕನ ಮುಂದೆ ಗಾಳಿ ಸೀಳುತ್ತಾ ಸಾಗಿ ಗೆಲುವಿನ ಹೂಗುಚ್ಛವನ್ನು ಅವನಿಗೇ ಬಿಡುವವ, ನಾಯಕನ ಚಕ್ರ ಕೆಟ್ಟರೆ ತನ್ನದನ್ನು ಬಿಚ್ಚಿ ಕೊಟ್ಟು ದಾರಿಯಲ್ಲಿ ಉಳಿಯುವವ. ಆ ದಿನ ಕಾರಿನಲ್ಲಿ ನಾನು ಎಂದಿಗಿಂತ ನೆಟ್ಟಗೆ ಕುಳಿತೆ.

ಈಗ ಮೊಮ್ಮಗಳ ಮದುವೆಗೆಂದು ಮಗಳು ಮನೆತನದ ಚರಿತ್ರೆ ಟೈಪ್ ಮಾಡುತ್ತಿದ್ದಾಳೆ.

"ಪಪ್ಪಾ, ದೊಮೆಸ್ತಿಕ್ ಅಂದ್ರೆ ಇಲ್ಲಿ ಖಾದಿಮ್ ಅಂತ ತಿಳ್ಕೊಳ್ತಾರೆ. ಬೀಗರು ಓದ್ಲಿಕ್ಕುಂಟು. ಚಾಂಪಿಯನ್ ಅಂತ ಹಾಕುವ."

"ಅವರು ಒಂದು ರೇಸೂ ಗೆದ್ದವರಲ್ಲ."

"ಯಾರು ಕೇಳ್ತಾರೆ?"

"ನಾನು ಕೇಳ್ತೇನೆ. ಗೆಲ್ಲಿಸುದೇ ಅವರ ಕೆಲಸ. ದೊಮೆಸ್ತಿಕ್ ಅಂತಲೇ ಹಾಕು."

ಅವಳು ಹಾಕಿದಳು. ಆಮೇಲೆ ಕನ್ನಡಕದ ಮೇಲಿಂದ ನೋಡಿ ಕೇಳಿದಳು: "ನಿಮ್ಮ ಹೆಸರಿನ ಎದುರು ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರ್ ಅಂತ ಉಂಟಲ್ಲ, ಅದು?"

ಅದನ್ನು ಹೇಳಿ ಬರೆಸಿದವನು ನಾನೇ, ಹೋದ ವಾರ. ಊರವರ ಕಥೆಗಳನ್ನೆಲ್ಲ ಸಂಶಯಿಸಿದವನು, ನನ್ನದನ್ನು ಮಾತ್ರ ಪ್ರಶ್ನಿಸದೆ ಬಿಟ್ಟಿದ್ದೆ.

ಕೆಳಗೆ ಸೈಕಲ್ಲಿನ ಬೆಲ್ಲು ಕೇಳಿಸಿತು, ಪಂಕ್ಚರಿನ ಪ್ಯಾಚು ಕೂತಿರಬೇಕು.

"ಅಳಿಸು," ಎಂದೆ. "ನನಗೂ ದೊಮೆಸ್ತಿಕ್ ಅಂತಲೇ ಹಾಕು. ದೊಡ್ಡಪ್ಪನದ್ದರ ಕೆಳಗೆ."