ಇಂಗ್ಲೆಂಡಿನ ಶಾಲೆಯ ಗೋಡೆಗೆ ಏರಿದ ನಕ್ಷೆ

ತೊಂಬತ್ತರ ದಶಕದ ನಡುವಿನಲ್ಲಿ, ದೋಹಾದಲ್ಲಿ ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ನಮ್ಮ ಇಂಗ್ಲಿಷ್ ಟೀಚರ್ ಇಂಗ್ಲೆಂಡಿನ ಒಂದು ಹಳ್ಳಿಯ ಹೈಸ್ಕೂಲಿನಿಂದ ನಮಗೆಲ್ಲ ಪತ್ರಮಿತ್ರರನ್ನು ಹುಡುಕಿಕೊಟ್ಟರು. ನನ್ನ ಪಾಲಿಗೆ ಬಂದ ಗೆಳತಿ ಮೊದಲ ಕಾಗದದಲ್ಲೇ ತನ್ನ ಊರನ್ನೆಲ್ಲ ಹರಡಿಟ್ಟಿದ್ದಳು. ಅಲ್ಲಿನ ಅಂಚೆಯವನು, ಬ್ರೆಡ್ಡಿನ ಅಂಗಡಿಯವಳು, ಅವಳ ಅಜ್ಜಿ, ಎಲ್ಲರೂ ಅದೇ ಶಾಲೆಯಲ್ಲಿ ಓದಿದವರಂತೆ. ಶಾಲೆಯಲ್ಲಿ ನಾಟಕವಿದ್ದರೆ ಊರಿಗೆ ಊರೇ ಬರುತ್ತಿತ್ತಂತೆ. ಕೊನೆಗೆ ಕೇಳಿದ್ದಳು, ನಿನ್ನ ಮನೆ ನಂಬರ್ ಎಷ್ಟು?

ನಮಗೆಲ್ಲಿಯ ನಂಬರು! ನಜ್ಮಾ ಬಡಾವಣೆಯ ನಮ್ಮ ಮನೆಗೆ ಅಂಚೆಯವನು ಕಾಲಿಟ್ಟವನೇ ಅಲ್ಲ. ಎಲ್ಲರ ಹಾಗೆ ನಮ್ಮ ಕಾಗದಗಳೂ ಅಪ್ಪನ ಆಫೀಸಿನ ಪೋಸ್ಟ್ ಬಾಕ್ಸಿಗೆ ಬರುತ್ತಿದ್ದವು. ಇದನ್ನು ಅವಳಿಗೆ ತಿಳಿಸಲು ನಕ್ಷೆ ಬರೆದೆ. ಟೈಲರ್ ಅಂಗಡಿ, ಕೆಫೆಟೇರಿಯಾ, ನಮ್ಮ ಮನೆ, ಅಲ್ಲಿಂದ ಅಪ್ಪನ ಆಫೀಸು. ಅಪ್ಪ ಟೈಪಿಸ್ಟ್ ಆಗಿದ್ದದ್ದು ಸೈನ್ಯದ ಉಗ್ರಾಣದಲ್ಲಿ. ಎರಡು ಗೇಟು, ಕಾವಲುಗಾರರ ಕೋಣೆ, ಲಾರಿ ಒಳಹೋಗುವ ದಾರಿ, ಒಂದನ್ನೂ ಬಿಡಲಿಲ್ಲ. ಡ್ರಾಯಿಂಗ್ ವಿಷಯದಲ್ಲಿ ನನಗೆ ಭಾರೀ ಜಂಬ.

ಉತ್ತರವನ್ನು ಅಪ್ಪ ತಂದಾಗ ಲಕೋಟೆ ಒಡೆದಿತ್ತು. ಆಫೀಸಿಗೆ ಬಂದ ಟಪಾಲನ್ನೆಲ್ಲ ಅಲ್ಲಿ ಒಡೆಯುತ್ತಿದ್ದರು. ಒಡೆದವನು ಓದಿದನೋ ಇಲ್ಲವೋ ಗೊತ್ತಿಲ್ಲ. ನನ್ನ ನಕ್ಷೆಯನ್ನು ಗೇಟು, ಕಾವಲುಗಾರರ ಕೋಣೆ ಸಮೇತ ದೊಡ್ಡದಾಗಿ ಬರೆದು ಶಾಲೆಯ ಗೋಡೆಗೆ ಅಂಟಿಸಿದ್ದಾರೆ, ಊರವರೆಲ್ಲ ಬಂದು ನೋಡಿದರು ಎಂದು ಗೆಳತಿ ಸಂಭ್ರಮದಿಂದ ಬರೆದಿದ್ದಳು.

“ಏನ್ ಮಾಡಿದ್ದೀಯ ಗೊತ್ತೇನೇ?” ಅಪ್ಪ ಬಾಗಿಲು ಹಾಕಿ ಬಂದರು. “ಗಾರ್ಡ್ ಎಲ್ಲಿ ನಿಲ್ತಾನೆ ಅಂತ ಬರೆದು ಹೊರದೇಶಕ್ಕೆ ಕಳಿಸಿದ್ದೀಯಲ್ಲ! ಸಾಹೇಬರ ಕಿವಿಗೆ ಬಿದ್ರೆ ಖಲಾಸ್. ನನ್ನ ಒಳಗೆ ಹಾಕ್ತಾರೆ, ನಿಮ್ಮನ್ನ ವಿಮಾನ ಹತ್ತಿಸ್ತಾರೆ.”

ಅವರು ಹೇಳಿದಂತೆ ಅಂದೇ ಬರೆದೆ: ನಕ್ಷೆಯೆಲ್ಲ ಸುಳ್ಳು, ಅಂಥ ಆಫೀಸೇ ಇಲ್ಲ, ನಾನೇ ಕಟ್ಟಿದ ಕತೆ, ದಯವಿಟ್ಟು ತೆಗೆದುಹಾಕಿ. ಆಮೇಲಿನ ವಾರಗಳಲ್ಲಿ ಮನೆ ಮುಂದೆ ಕಾರು ನಿಂತರೆ ಸಾಕು, ಓಡಿ ಹೋಗಿ ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದೆ. ಅಪ್ಪ ಬರುವುದು ಹತ್ತು ನಿಮಿಷ ತಡವಾದರೆ ಅಮ್ಮ ಒಲೆ ಆರಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಬೈದಿದ್ದರಾದರೂ ಚೆನ್ನಾಗಿತ್ತು, ಇಬ್ಬರೂ ಬೈಯಲಿಲ್ಲ. ನನ್ನಿಂದಲೇ ಅಪ್ಪ ಜೈಲಿಗೆ ಹೋಗುತ್ತಾರೆಂದು ನಾನು ನಂಬಿಬಿಟ್ಟಿದ್ದೆ. ಶಾಲೆಯಲ್ಲಿ ಯಾರಾದರೂ ನನ್ನ ಹೆಸರು ಕೂಗಿದರೆ ಸುದ್ದಿ ಬಂತೆಂದೇ ಚೀಲ ಎತ್ತಿಕೊಂಡು ಎದ್ದು ನಿಲ್ಲುತ್ತಿದ್ದೆ.

ಕೊನೆಗೂ ಗೆಳತಿಯ ಕಾಗದ ಬಂತು. ಊಟಕ್ಕೆ ಕೂತಲ್ಲೇ ಅಪ್ಪ ಗಟ್ಟಿಯಾಗಿ ಓದಿದರು: ನಕ್ಷೆಯನ್ನು ಹರಿದು ಹಾಕಿದ್ದಾರೆ. ನೀನು ಸುಳ್ಳುಬುರುಕಿ ಎಂದು ನಮ್ಮ ಟೀಚರ್ ಇಡೀ ಕ್ಲಾಸಿಗೆ ಹೇಳಿದರು, ಊರಿಗೆಲ್ಲ ಗೊತ್ತಾಗಿದೆ, ಇನ್ನು ನಿನಗೆ ಬರೆಯಬೇಡವೆಂದು ನನ್ನ ತಾಯಿ ಹೇಳಿದ್ದಾಳೆ.

“ಅಬ್ಬಾ, ನಂಬಿಬಿಟ್ರು!” ಎಂದು ಅಪ್ಪ ಎಷ್ಟೋ ದಿನಗಳ ಮೇಲೆ ನಕ್ಕರು. “ಜಾಣೆ ಕಣೇ ನೀನು” ಎಂದು ತಲೆ ಸವರಿದರು. ನಾನು ತಟ್ಟೆ ನೋಡುತ್ತ ಕೂತೆ. ಸುಳ್ಳುಬುರುಕಿ ಎಂದಿದ್ದ ಆ ಸಾಲನ್ನು ಅವರು ಅಮ್ಮನಿಗೆ ಇನ್ನೊಂದು ಸಲ ಓದಿ ಹೇಳಿದರು.